ಹೊಲಕ್ಕೂ ಹಳ್ಳಕ್ಕೂ ಹಳೇ ಫೋರ್ ಬೈ ಫೋರ್: ಡೀಸೆಲ್ಲೋ, ಪೆಟ್ರೋಲೋ?

ಪ್ರಶ್ನೆ: ನಮ್ಮ ಮನೆ ಕಲಬುರಗಿಯಲ್ಲಿ, ಹೊಲ ಚಿತ್ತಾಪುರ ತಾಲ್ಲೂಕಿನಲ್ಲಿ. ಹೋಗಿ ಬಂದರೆ ಸುಮಾರು 90 ಕಿಲೋಮೀಟರ್. ವಾರಕ್ಕೆ ಎರಡು ಸಲ ಹೋಗಲೇಬೇಕು. ಕೊನೆಯ ಮೂರು ಕಿಲೋಮೀಟರ್ ಬಂಡಿ ದಾರಿ. ಎಲ್ಲಾ ಎರೆ ಮಣ್ಣು, ನಡುವೆ ಒಂದು ಹಳ್ಳ. ಐದು ಲಕ್ಷದೊಳಗೆ ಹಳೇ ಫೋರ್ ಬೈ ಫೋರ್ ಗಾಡಿ ತಗೋಬೇಕು ಅಂತಿದ್ದೇನೆ. ಮೂರು ನೋಡಿಟ್ಟಿದ್ದೇನೆ. ಊರಲ್ಲೇ ಒಂದು ಹಳೇ ಜೀಪು, ಡೀಸೆಲ್ ಎಂಜಿನ್ ಇದೆ. ಆರ್‌ಸಿಯಲ್ಲಿ ಮಾತ್ರ ಪೆಟ್ರೋಲ್ ಅಂತಿದೆ, ಅದೇನೂ ತೊಂದರೆ ಇಲ್ಲ ಅಂತಾರೆ ಮಾಲೀಕರು. ಬೀದರಿನಲ್ಲಿ 2007ರ ಪೆಟ್ರೋಲ್ ಜಿಪ್ಸಿ ಇದೆ. ಸೊಲ್ಲಾಪುರದಲ್ಲಿ 2013ರ ಥಾರ್ ಸಿಆರ್‌ಡಿಇ, ಡೀಸೆಲ್. ಅಣ್ಣ ಡೀಸೆಲ್ಲೇ ಇರಲಿ ಅಂತಾನೆ, ಗೆಳೆಯರು ಜಿಪ್ಸಿ ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ಮೂರರಲ್ಲಿ ಒಂದನ್ನು ಈಗಲೇ ಬಿಟ್ಟುಬಿಡಿ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಅಂದರೆ ಆ ಜೀಪು ಬೇಡ.

ನಮ್ಮ ಕಡೆ ಇಂಥ ಜೀಪುಗಳಿಗೆ ಬರವಿಲ್ಲ. ಮಹೀಂದ್ರದ ಹಳೇ ವಿಲ್ಲೀಸ್ ಮಾದರಿಯ ಜೀಪುಗಳು ಬಂದಿದ್ದೇ ಹರಿಕೇನ್ ಅನ್ನೋ 2.2 ಲೀಟರಿನ ಪೆಟ್ರೋಲ್ ಎಂಜಿನ್ ಜೊತೆ. ಎಂಜಿನ್ ಗಟ್ಟಿಮುಟ್ಟು, ಆದರೆ ಪೆಟ್ರೋಲ್ ಕುಡಿಯೋದು ಜಾಸ್ತಿ. ಡೀಸೆಲ್ ತುಂಬಾ ಅಗ್ಗ ಇದ್ದ ಕಾಲದಲ್ಲಿ ಜನ ಅದನ್ನು ಇಳಿಸಿ ಡಿಐ ಅನ್ನೋ ಹಳೇ ಮಾದರಿಯ ಡೀಸೆಲ್ ಎಂಜಿನ್ ಕೂರಿಸಿದರು. ಕೆಲಸದ ದೃಷ್ಟಿಯಿಂದ ಅದು ಕೆಟ್ಟದ್ದೇನಲ್ಲ. ತಕರಾರು ಇರೋದು ಕಾಗದದಲ್ಲಿ. ಎಂಜಿನ್ ಬದಲಿಸಿದರೆ, ಇಂಧನ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಹೇಳುತ್ತದೆ. ರಿನ್ಯೂವಲ್‌ಗೆ ಹೋದಾಗ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿದರೆ ಗಾಡಿ ಅಲ್ಲೇ ನಿಂತಿತು. ಅಪಘಾತ ಆದರೆ ವಿಮೆ ಕಂಪನಿಗೆ ಕ್ಲೇಮ್ ತಿರಸ್ಕರಿಸೋಕೆ ನೀವೇ ಕಾರಣ ಕೊಟ್ಟಂತೆ. ಮಾಲೀಕರಿಗೆ ಒಂದೇ ಮಾತು ಹೇಳಿ: "ತೊಂದರೆ ಇಲ್ಲ ಅಂದ್ರೆ ಆರ್‌ಸಿ ನೀವೇ ಡೀಸೆಲ್ ಮಾಡಿಸಿ ಕೊಡ್ರಿ, ಖರ್ಚು ನಾ ಕೊಡ್ತೀನಿ." ಮಾಡಿಸಿಕೊಟ್ಟರೆ ಆಮೇಲೆ ಯೋಚಿಸೋಣ.

ಉಳಿದದ್ದು ಎರಡು. ಒಂದು ಪೆಟ್ರೋಲ್, ಒಂದು ಡೀಸೆಲ್. ಈಗ ನಿಮ್ಮ ಮನೆಯ ಜಗಳಕ್ಕೆ ಬರೋಣ.

ಮೊದಲು ಓಡಾಟದ ಲೆಕ್ಕ. ವಾರಕ್ಕೆ 180 ಕಿಲೋಮೀಟರ್ ಹೊಲಕ್ಕೇ ಆಯಿತು. ಊರೊಳಗಿನ ತಿರುಗಾಟ ಸೇರಿಸಿದರೆ ವರ್ಷಕ್ಕೆ 10 ಸಾವಿರ ದಾಟುತ್ತದೆ. ಜಿಪ್ಸಿ ಲೀಟರಿಗೆ 10 ಕೊಡುತ್ತದೆ ಅಂದುಕೊಳ್ಳಿ, ಥಾರ್ 12. ಪೆಟ್ರೋಲಿಗೆ 103 ರೂಪಾಯಿ, ಡೀಸೆಲ್‌ಗೆ 91 ಅಂತ ಹಿಡಿದರೆ ಜಿಪ್ಸಿಗೆ ಕಿಲೋಮೀಟರಿಗೆ 10 ರೂಪಾಯಿ 30 ಪೈಸೆ ಬೀಳುತ್ತದೆ. ಥಾರ್‌ಗೆ ಏಳೂವರೆ ಚಿಲ್ಲರೆ. 10 ಸಾವಿರ ಕಿಲೋಮೀಟರಿಗೆ ವ್ಯತ್ಯಾಸ ಸುಮಾರು 27 ಸಾವಿರ. ಇದು ಸಣ್ಣ ಮೊತ್ತ ಅಲ್ಲ. ಇದೇ ಗಾಡಿಯನ್ನು ಬರೀ ಭಾನುವಾರ ತೆಗೆದು ವರ್ಷಕ್ಕೆ ಮೂರು ಸಾವಿರ ಓಡಿಸೋರಾದರೆ ಉಳಿಯೋದು ಎಂಟು ಸಾವಿರ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರ್ ಒಂದು ಕೆಟ್ಟರೂ ಅದು ಸಾಲದು. ಅಂಥವರಿಗೆ ನಾನು ಡೀಸೆಲ್ ಹೇಳೋದೇ ಇಲ್ಲ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋಯಿತು. ಅದಕ್ಕೂ ಮುಂಚಿನ ಅಂತರ ನೆನಪಿಟ್ಟುಕೊಂಡು ಇವತ್ತಿಗೂ "ಡೀಸೆಲ್ ಅಗ್ಗ" ಅನ್ನೋರು ಬಹಳ ಜನ.

ನಿಮ್ಮ ಓಡಾಟ ಜಾಸ್ತಿ. ಹಾಗಾಗಿ ಇಂಧನದ ಲೆಕ್ಕದಲ್ಲಿ ಅಣ್ಣ ಗೆದ್ದರು. ಆದರೆ ಅವರ ಮನಸ್ಸಿನಲ್ಲಿರೋ ಡೀಸೆಲ್ ಬಹುಶಃ ಬೇರೆ.

ಹಳೇ ಜೀಪಿನ ಡಿಐ ಎಂಜಿನ್ನಿಗೂ ಥಾರ್‌ನ ಸಿಆರ್‌ಡಿಇಗೂ ಡೀಸೆಲ್ ಅನ್ನೋ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಡಿಐನಲ್ಲಿ ಇಂಧನದ ಪಂಪು ಪೂರ್ತಿ ಮೆಕ್ಯಾನಿಕಲ್. ಇಂಧನ ಬಂದರೆ ಸಾಕು, ತಿರುಗಿಸಿದರೆ ಚಾಲೂ. ಕೆಟ್ಟರೆ ಪಂಪ್ ಅಂಗಡಿಯವರು ಬಿಚ್ಚಿ, ಬೆಂಚಿನ ಮೇಲಿಟ್ಟು, ಸೆಟ್ ಮಾಡಿ ಕೊಡುತ್ತಾರೆ. ಸಿಆರ್‌ಡಿಇಯಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ರೈಲ್ ಅನ್ನೋ ಒಂದು ಗಟ್ಟಿ ಪೈಪಿನಲ್ಲಿ ನಿಂತಿರುತ್ತದೆ. ಯಾವ ಇಂಜೆಕ್ಟರ್ ಯಾವಾಗ ಎಷ್ಟು ಹೊತ್ತು ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಹಾಗಾಗಿಯೇ ಥಾರ್‌ನ ಎರಡೂವರೆ ಲೀಟರ್ ಎಂಜಿನ್ 105 ಪಿಎಸ್ ಶಕ್ತಿ, 247 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಅದೇ ಥಾರ್ ಡಿಐ ಎಂಜಿನ್ನಿನಲ್ಲಿ ಬಂದಾಗ ಬರೀ 63 ಪಿಎಸ್ ಇತ್ತು. ಆದರೆ ಆ ಇಂಜೆಕ್ಟರ್ ಒಳಗಿನ ಸಂದು ಕಣ್ಣಿಗೂ ಕಾಣದಷ್ಟು ಸಣ್ಣದು. ಒಂದಿಷ್ಟು ಧೂಳು, ಒಂದು ಚಮಚ ನೀರು ಒಳಗೆ ಹೋದರೆ ಖರ್ಚು ಶುರು.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಹೊಲ ಇರೋರ ಮನೆಯಲ್ಲಿ ಟ್ರ್ಯಾಕ್ಟರಿಗೆ ಅಂತ ಡೀಸೆಲ್ ತಂದು ಡ್ರಮ್ಮಿನಲ್ಲಿ, ಕ್ಯಾನಿನಲ್ಲಿ ಇಡೋದು ಮಾಮೂಲಿ. ಮಳೆಗಾಲದಲ್ಲಿ ಡ್ರಮ್ಮಿನ ಒಳಗೆ ಬೆವರು ಕಟ್ಟುತ್ತದೆ, ಬೇಸಿಗೆಯಲ್ಲಿ ಧೂಳು ಇಳಿಯುತ್ತದೆ. ಹಳೇ ಟ್ರ್ಯಾಕ್ಟರ್ ಅದನ್ನು ಸಹಿಸಿಕೊಳ್ಳುತ್ತದೆ. ಸಿಆರ್‌ಡಿಇ ಸಹಿಸೋದಿಲ್ಲ. ಥಾರ್ ತಗೊಂಡರೆ ಇವತ್ತೇ ಮನೆಯಲ್ಲಿ ಎಲ್ಲರಿಗೂ ಹೇಳಿಡಿ: ಆ ಡ್ರಮ್ಮಿನ ಡೀಸೆಲ್ ಈ ಗಾಡಿಗೆ ಒಂದು ಲೀಟರೂ ಬೇಡ. ಬಂಕಿನಲ್ಲಿ ಹಾಕಿಸಿ, ಅದೂ ಜಾಸ್ತಿ ಓಡಾಟ ಇರೋ ಬಂಕಿನಲ್ಲಿ. ಡೀಸೆಲ್ ಫಿಲ್ಟರ್ ಕೆಳಗೆ ನೀರು ತೆಗೆಯೋ ತಿರುಪು ಇರುತ್ತದೆ. ಮಳೆಗಾಲದಲ್ಲಿ ಆಗಾಗ ಬಿಚ್ಚಿ ನೋಡಿ. ಫಿಲ್ಟರ್ ಬದಲಿಸೋಕೆ ಜಿಪುಣತನ ಮಾಡಬೇಡಿ.

ಪೆಟ್ರೋಲಿಗೂ ಈಗ ಅದರದ್ದೇ ಆದ ಗೋಳು ಇದೆ. 2025ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲಾ ಬಂಕುಗಳಲ್ಲೂ ಶೇಕಡ 20 ಎಥನಾಲ್ ಸೇರಿದ ಪೆಟ್ರೋಲೇ ಸಿಗೋದು. 2007ರ ಜಿಪ್ಸಿಯ ರಬ್ಬರ್ ಪೈಪು, ಸೀಲುಗಳು ಇದನ್ನು ನೆನಪಿನಲ್ಲಿಟ್ಟು ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ಕೆಳಗೆ ಕೂರಬಹುದು. ಪರಿಹಾರ ಕಷ್ಟದ್ದಲ್ಲ. ತಗೊಂಡ ತಕ್ಷಣ ಪೆಟ್ರೋಲ್ ಪೈಪುಗಳೆಲ್ಲಾ ಹೊಸದು ಹಾಕಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ. 2007ರ ಜಿಪ್ಸಿಗೆ ಎಂಪಿಎಫ್‌ಐ ಇದೆ, ಅಂದರೆ ಪೆಟ್ರೋಲನ್ನು ಇಂಜೆಕ್ಟರ್ ಸಿಂಪಡಿಸುತ್ತದೆ, ಕಾರ್ಬುರೇಟರ್ ಇಲ್ಲ. ಅದೊಂದು ಅನುಕೂಲ. 2000ಕ್ಕಿಂತ ಹಿಂದಿನದ್ದಾಗಿದ್ದರೆ ಇನ್ನೂ ಹೆಚ್ಚು ಯೋಚಿಸಿ ಅಂತಿದ್ದೆ.

ಇನ್ನು ಮಣ್ಣು. ನಿಮ್ಮ ಗೆಳೆಯರು ಗೆಲ್ಲೋದು ಇಲ್ಲಿ.

ಜಿಪ್ಸಿ ತೂಕ ಒಂದು ಟನ್ನಿನ ಆಸುಪಾಸು. ಥಾರ್ ಸಿಆರ್‌ಡಿಇ ಸುಮಾರು 1700 ಕಿಲೋ. ಒಣ ನೆಲದಲ್ಲಿ ಇದು ಗೊತ್ತಾಗೋದಿಲ್ಲ. ಆದರೆ ಎರೆ ಮಣ್ಣು ನೀರು ಕುಡಿದು ಉಬ್ಬಿದ ಮೇಲೆ ಅದಕ್ಕೆ ತಳ ಅನ್ನೋದೇ ಇಲ್ಲ. ಎಷ್ಟು ಭಾರವೋ ಅಷ್ಟು ಆಳ. ಮೇಲಿನ ಒಂದು ಗೇಣು ಮಾತ್ರ ನೆಂದಿದ್ದಾಗ ಜಿಪ್ಸಿ ತೇಲಿದಂತೆ ದಾಟಿಹೋಗುತ್ತದೆ, ಅದೇ ಜಾಗದಲ್ಲಿ ಥಾರ್ ನಾಲ್ಕೂ ಚಕ್ರ ಹೂತು ಹೊಟ್ಟೆಯ ಮೇಲೆ ಕೂರುತ್ತದೆ. ಇನ್ನೊಂದು ಕಡೆ, ಜಿಪ್ಸಿಯ 1.3 ಲೀಟರ್ ಎಂಜಿನ್ನಿಗೆ ಜೋರು ಬರೋದೇ ಮೇಲಿನ ಆರ್‌ಪಿಎಂನಲ್ಲಿ. 103 ನ್ಯೂಟನ್ ಮೀಟರ್ ಟಾರ್ಕ್, ಅದೂ 4500 ಆರ್‌ಪಿಎಂಗೆ. ಅಂದರೆ ಎಕ್ಸಲರೇಟರ್ ಒತ್ತಿ, ವೇಗ ಹಿಡಿದು, ಆ ವೇಗದಲ್ಲೇ ದಾಟಬೇಕು. ಥಾರ್ ಹಾಗಲ್ಲ. ಲೋ ಗೇರಿಗೆ ಹಾಕಿ ಕಾಲು ತೆಗೆದರೂ ಎಳೆದುಕೊಂಡು ಹೋಗುತ್ತದೆ. ಕಲ್ಲು, ದಿಬ್ಬ, ಹಿಂದೆ ಗೊಬ್ಬರದ ಚೀಲ, ಹೊಸ ಡ್ರೈವರ್: ಇಂಥ ಕಡೆ ಡೀಸೆಲ್ ನಿರಾಳ. ಬೀದರ್ ಕಡೆಯ ಕೆಂಪು ಕಲ್ಲುಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ. ಅಲ್ಲಿ ಥಾರ್‌ನ ಭಾರ ಅಡ್ಡಿಯೇ ಅಲ್ಲ. ಗಾಡಿ ನೋಡೋಕೆ ಬೀದರಿಗೆ ಹೋದಾಗ ಅಲ್ಲಿನ ನೆಲದ ಮೇಲೆ ಓಡಿಸಿ "ಆಹಾ" ಅಂದುಕೊಂಡು ಬರಬೇಡಿ. ನಿಮ್ಮ ಹೊಲದ ನೆಲ ಬೇರೆ.

ಒಂದು ಸತ್ಯ ಹೇಳಿಬಿಡುತ್ತೇನೆ. ಎರಡು ದಿನ ಬಿಡದೆ ಮಳೆ ಹಿಡಿದ ಮೇಲೆ ಆ ಮೂರು ಕಿಲೋಮೀಟರ್‌ಗೆ ಜಿಪ್ಸಿಯೂ ಇಲ್ಲ, ಥಾರೂ ಇಲ್ಲ. ರಾಡಿ ಟೈರಿನ ಗೆರೆಗಳಲ್ಲಿ ತುಂಬಿ, ಮಡ್‌ಗಾರ್ಡ್ ಒಳಗೆ ಮೆತ್ತಿ, ಚಕ್ರ ತಿರುಗೋಕೂ ಜಾಗ ಉಳಿಯೋದಿಲ್ಲ. ಎಷ್ಟು ದುಬಾರಿ ಟೈರ್ ಹಾಕಿದರೂ ಅಷ್ಟೇ. ಅಂಥ ದಿನ ಗಾಡಿಯನ್ನು ಡಾಂಬರು ರಸ್ತೆಯಲ್ಲಿ ನಿಲ್ಲಿಸಿ ನಡೆದುಹೋಗೋದೇ ಜಾಣತನ. ಒತ್ತಾಯ ಮಾಡಿ ಹೋದರೆ ಬಂಡಿ ದಾರಿ ಮೊಣಕಾಲುದ್ದ ಕಿತ್ತುಹೋಗುತ್ತದೆ. ಮುಂದಿನ ಬೇಸಿಗೆಯಲ್ಲಿ ಅದೇ ಒಣಗಿ ಕಲ್ಲಾಗುತ್ತದೆ. ಆಮೇಲೆ ಪಕ್ಕದ ಹೊಲದವರು ನಿಮ್ಮನ್ನು ನೋಡಿದಾಗಲೆಲ್ಲಾ ಮುಖ ಗಂಟು ಹಾಕುತ್ತಾರೆ. ಅರೆ ನೆಂದ ದಿನಗಳಲ್ಲಿ ಟೈರಿನ ಗಾಳಿ 18-20ಕ್ಕೆ ಇಳಿಸಿ, ದಾಟಿದ ಮೇಲೆ ಮತ್ತೆ ತುಂಬಿ. 12 ವೋಲ್ಟಿನ ಸಣ್ಣ ಪಂಪು ಗಾಡಿಯಲ್ಲೇ ಇರಲಿ. ಮುಂದೆ ಹಿಂದೆ ಎಳೆಯೋ ಕೊಕ್ಕೆ ಚಾಸಿಗೆ ಬೋಲ್ಟ್ ಆಗಿದೆಯಾ ನೋಡಿ, ಬಂಪರಿಗಲ್ಲ. ಟ್ರ್ಯಾಕ್ಟರ್ ಕರೆಸೋ ದಿನ ಬಂದೇ ಬರುತ್ತದೆ.

ಹಳ್ಳದ ವಿಷಯದಲ್ಲಿ ಡೀಸೆಲ್ ಬಗ್ಗೆ ಒಂದು ತಪ್ಪು ಧೈರ್ಯ ಇದೆ. ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ನೀರಿನಲ್ಲಿ ಎಷ್ಟಾದರೂ ಇಳಿಸಬಹುದು ಅಂತ. ಪ್ಲಗ್ ಇಲ್ಲದ್ದು ನಿಜ. ಪೆಟ್ರೋಲ್ ಗಾಡಿಯ ಇಗ್ನಿಷನ್ ಒದ್ದೆಯಾದರೆ ಎಂಜಿನ್ ನಿಲ್ಲುತ್ತದೆ, ಒಣಗಿಸಿದರೆ ಮತ್ತೆ ಚಾಲೂ ಆಗುತ್ತದೆ. ಡೀಸೆಲ್ ನಿಲ್ಲೋದಿಲ್ಲ, ಓಡುತ್ತಲೇ ಇರುತ್ತದೆ. ಅಪಾಯ ಅಲ್ಲೇ ಇದೆ. ಏರ್ ಫಿಲ್ಟರ್ ಮಟ್ಟಕ್ಕೆ ನೀರು ಬಂದರೆ ಎಂಜಿನ್ ಗಾಳಿಯ ಜೊತೆ ನೀರನ್ನೂ ಎಳೆದುಕೊಳ್ಳುತ್ತದೆ. ನೀರನ್ನು ಹಿಂಡೋಕೆ ಆಗೋದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್‌ನಲ್ಲಿ ಕಂಪ್ರೆಷನ್ ಜಾಸ್ತಿ, ಅದಕ್ಕೇ ಹೊಡೆತವೂ ಜಾಸ್ತಿ. ನೀರಿನ ನಡುವೆ ಯಾವ ಗಾಡಿ ನಿಂತರೂ ಮತ್ತೆ ಸೆಲ್ಫ್ ಹೊಡೆಯಬೇಡಿ, ಎಳೆಸಿ ಹೊರಗೆ ತನ್ನಿ. ಹಳ್ಳ ಕೆಂಪಗೆ ಹರಿಯುತ್ತಿದ್ದರೆ ಇಳಿಸಲೇಬೇಡಿ.

ನೀರಿನ ಮಾತು ಬಂದಾಗ ಇನ್ನೊಂದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ ಎರಡೂ ಜಿಲ್ಲೆಯ ಊರುಗಳಿಗೆ ನೀರು ನುಗ್ಗಿತ್ತು. ಅದೇ ತಿಂಗಳು ಹೈದರಾಬಾದಿನಲ್ಲೂ ಪ್ರವಾಹ. ಮುಳುಗಿದ ಗಾಡಿಗಳು ತೊಳೆದು ಮಾರಾಟಕ್ಕೆ ಬರುತ್ತವೆ. ಸೀಟಿನ ಕೆಳಗೆ, ಬೆಲ್ಟಿನ ಬುಡದಲ್ಲಿ, ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಾಕಿ ನೋಡಿ. ಒಣಗಿದ ಕೆಸರು ಅಲ್ಲಿ ಉಳಿದಿರುತ್ತದೆ.

ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಿ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟೋ ಊರು ನಮ್ಮದು. ಜಿಪ್ಸಿಗೆ ಎಸಿ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಹಿಂದೆ ಮುಂದೆ ಎಲ್ಲಾ ಪಾಟಾ (ಲೀಫ್ ಸ್ಪ್ರಿಂಗ್), ಸೊಂಟಕ್ಕೆ ಸುಖ ಇಲ್ಲ. 25 ವಯಸ್ಸಿಗೆ ಇದೆಲ್ಲಾ ಮಜಾ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ವಾರಕ್ಕೆ ಎರಡು ಸಲ ಹೋಗೋದಾದರೆ ಮಜಾ ಅಲ್ಲ. ಸಿಆರ್‌ಡಿಇ ಥಾರ್‌ಗೆ ಪವರ್ ಸ್ಟೀರಿಂಗ್ ಬಂದಿತ್ತು, ಎಸಿ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಮುಂದೆ ಪಾಟಾ ಬದಲು ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರೋದರಿಂದ ಡಾಂಬರಿನ ಮೇಲೆ ಪರವಾಗಿಲ್ಲ.

ರಿಪೇರಿಗೆ ಬಂದರೆ ಎರಡೂ ಅನಾಥ ಅಲ್ಲ. ಜಿಪ್ಸಿ ತಯಾರಿಕೆ ನಿಂತರೂ ಸೇನೆಯಲ್ಲಿ ಅಷ್ಟೊಂದು ಓಡಿದ್ದರಿಂದ ಬಿಡಿ ಭಾಗ ಸಿಗುತ್ತವೆ. ಆದರೆ ತರಿಸಬೇಕು. ಥಾರ್ ಕೆಲಸ ಬೊಲೆರೋ, ಸ್ಕಾರ್ಪಿಯೋ ಕೆಲಸಕ್ಕೆ ಹತ್ತಿರ. ಜೇವರ್ಗಿ, ಸೇಡಂ, ಶಹಾಪುರ ಎಲ್ಲೇ ನಿಂತರೂ ಬೊಲೆರೋ ಗೊತ್ತಿರೋ ಮೆಕ್ಯಾನಿಕ್ ಸಿಗುತ್ತಾರೆ. ಇಂಜೆಕ್ಟರ್ ಕೆಲಸಕ್ಕೆ ಮಾತ್ರ ಸ್ಕ್ಯಾನರ್ ಇರೋ ಗ್ಯಾರೇಜಿಗೇ ಹೋಗಬೇಕು. 2013ರ ಗಾಡಿಯಾದ್ದರಿಂದ ಬಿಎಸ್6 ಡೀಸೆಲ್‌ಗಳಲ್ಲಿ ಬರೋ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ತಲೆನೋವು ಇದಕ್ಕಿಲ್ಲ.

ಹಾಗಾಗಿ ನನ್ನ ಮತ ಥಾರ್‌ಗೆ. ಹೋಗಿ ಬರೋ ಆರು ಕಿಲೋಮೀಟರ್ ರಾಡಿಗೋಸ್ಕರ 84 ಕಿಲೋಮೀಟರ್ ಡಾಂಬರನ್ನು ಮರೆಯಬಾರದು ಅಲ್ವಾ? ಆದರೆ ಒಂದು ಷರತ್ತು ಇದೆ. ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ. ನಾಲ್ಕೂ ಇಂಜೆಕ್ಟರಿನ ವಾಪಸಾತಿ ಪೈಪು ಬಿಚ್ಚಿ, ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು, ಎಂಜಿನ್ ಸ್ವಲ್ಪ ಹೊತ್ತು ಓಡಿಸುತ್ತಾರೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು. ಒಂದರಲ್ಲಿ ಜಾಸ್ತಿ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ನಾಲ್ಕರಲ್ಲೂ ಜಾಸ್ತಿ ಇದ್ದರೆ ಗಾಡಿ ಬಿಟ್ಟು ಬನ್ನಿ. ಮಾಲೀಕರು ಟೆಸ್ಟಿಗೇ ಒಪ್ಪದಿದ್ದರೆ ಅದೇ ಉತ್ತರ ಅಂದುಕೊಳ್ಳಿ.

ಹೋಗೋ ಮುಂಚೆ ಫೋನಿನಲ್ಲಿ "ನಾ ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ" ಅಂತ ಹೇಳಿಬಿಡಿ. ತಣ್ಣಗಿದ್ದಾಗ ಸ್ಟಾರ್ಟ್ ಆಗೋ ರೀತಿಯೇ ಅರ್ಧ ಕಥೆ ಹೇಳುತ್ತದೆ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ, ಟರ್ಬೋ ಇರಬಹುದು, ರಿಂಗ್ ಇರಬಹುದು. ಓಡುತ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಪುಸಪುಸ ಅಂತ ಒತ್ತಿ ಬಂದರೆ ಅದನ್ನೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನೋದು. ಎಂಜಿನ್ ಬಿಚ್ಚೋ ಖರ್ಚು ಹತ್ತಿರ ಇದೆ ಅಂತ ಅರ್ಥ. ಮುಚ್ಚಳದ ಒಳಗೆ ಹಾಲಿನಂಥ ನೊರೆ ಅಂಟಿದ್ದರೆ ನೀರು ಆಯಿಲ್‌ಗೆ ಸೇರುತ್ತಿರಬಹುದು.

ಫೋರ್ ಬೈ ಫೋರ್ ಲಿವರ್ ಎಳೆದು, ಮಣ್ಣಿನ ಮೇಲೆ ಲೋ ಗೇರಿನಲ್ಲಿ ಓಡಿಸಿ ನೋಡಿ. ಡಾಂಬರಿನ ಮೇಲೆ ಬೇಡ, ತಿರುವಿನಲ್ಲಿ ಬಿಗಿದುಕೊಳ್ಳುತ್ತದೆ. ವರ್ಷಗಟ್ಟಲೆ ಲಿವರ್ ಮುಟ್ಟದೆ ಜಾಮ್ ಆಗಿರೋ ಗಾಡಿಗಳು ಬಹಳ. ಇನ್ನು, 2013ರ ಥಾರ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಲಾಕಿಂಗ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡೋ ವ್ಯವಸ್ಥೆ) ಇರಲಿಲ್ಲ. ಅದು ಬಂದಿದ್ದು 2015ರ ಮಾದರಿಯಿಂದ. ಮಾರೋರು ಇದೆ ಅಂದರೆ ನಂಬಬೇಡಿ.

ಟೆಸ್ಟಿನಲ್ಲಿ ಥಾರ್ ಫೇಲಾದರೆ ಜಿಪ್ಸಿ ನೋಡೋಕೆ ಹೋಗಿ. ಅಲ್ಲಿ ಎಂಜಿನ್ನಿಗಿಂತ ತುಕ್ಕು ಮುಖ್ಯ. ಮ್ಯಾಟ್ ಎತ್ತಿ ನೆಲ ಒತ್ತಿ ನೋಡಿ, ಪಾಟಾ ಕೂರೋ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಆಗಿದೆಯಾ ನೋಡಿ. 60ರ ವೇಗದಲ್ಲಿ ಒಂದು ಗುಂಡಿ ಹಾರಿಸಿದ ಮೇಲೆ ಸ್ಟೀರಿಂಗ್ ಗಡಗಡ ಅಲುಗಾಡಿದರೆ ಮುಂದಿನ ಚಕ್ರ ತಿರುಗಿಸೋ ಕಿಂಗ್ ಪಿನ್ ಬೇರಿಂಗ್ ಸವೆದಿರಬಹುದು. ಆ ಕೆಲಸ ಮಾಡಿಸಬಹುದು, ಬೆಲೆಯಲ್ಲಿ ಇಳಿಸಿಕೊಳ್ಳಿ. 2007ರ ಗಾಡಿಗೆ 2022ಕ್ಕೇ 15 ವರ್ಷ ತುಂಬಿದೆ. ಆರ್‌ಸಿ ರಿನ್ಯೂ ಆಗಿದೆಯಾ, ಎಲ್ಲಿಯತನಕ ಇದೆ ಅಂತ ನೋಡಿ. ರಿನ್ಯೂವಲ್ ಐದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಕಾರಿನ ರಿನ್ಯೂವಲ್ ಶುಲ್ಕವೇ 5,000 ರೂಪಾಯಿ. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದ್ದಾರೆ. ಈ ಜಿಪ್ಸಿಗೆ 2027ಕ್ಕೆ 20 ತುಂಬುತ್ತದೆ. ಹಸಿರು ತೆರಿಗೆ ಬೇರೆ.

ಥಾರ್ ಸೊಲ್ಲಾಪುರದ್ದು ಅಂದಿರಿ. ಎಂಎಚ್ ನಂಬರ್ ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರಂ 28ರಲ್ಲಿ ಬರುತ್ತದೆ. ಆಮೇಲೆ ಇಲ್ಲಿ ಕರ್ನಾಟಕದ ಜೀವಮಾನ ತೆರಿಗೆ ಕಟ್ಟಿ ಕೆಎ 32 ಮಾಡಿಸಬೇಕು. ಗಾಡಿಯ ವಯಸ್ಸಿನ ಮೇಲೆ ಆ ತೆರಿಗೆ ಎಷ್ಟಾಗುತ್ತದೆ ಅಂತ ಕಲಬುರಗಿ ಆರ್‌ಟಿಒದಲ್ಲಿ ಮೊದಲೇ ಕೇಳಿ, ಗಾಡಿ ಬೆಲೆಗೆ ಕೂಡಿಸಿ ನೋಡಿ. ಐದು ಲಕ್ಷ ದಾಟಿಸೋದು ಅದೇ. ಮೂಲ ನೋಂದಣಿ ದೆಹಲಿಯದ್ದಾಗಿದ್ದರೆ ಅಚ್ಚರಿ ಬೇಡ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಎಷ್ಟೋ ಗಾಡಿಗಳು ದಕ್ಷಿಣಕ್ಕೆ ಇಳಿದವು. ತಪ್ಪೇನಿಲ್ಲ, ಎನ್‌ಒಸಿಯ ಸರಪಳಿ ಮಾತ್ರ ಎಲ್ಲೂ ತುಂಡಾಗಿರಬಾರದು. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಇನ್ನೂ ಕಾಣಿಸುತ್ತಿದ್ದರೆ ಫಾರಂ 35 ಕೊಟ್ಟು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ.